ಸಾಲದ ಲೆಕ್ಕ ಔರಾದ್‌ವರೆಗೂ ಬರಲಿ

ರಾಜ್ಯ ಸರ್ಕಾರ ವಿಶ್ವಬ್ಯಾಂಕಿನಿಂದ ಸಾಲ ಪಡೆದ ಸುದ್ದಿ ಬಂದಾಗ ಎರಡೇ ಮಾತು ಕೇಳಿಬರುತ್ತವೆ. 'ರಾಜ್ಯವನ್ನು ಒತ್ತೆ ಇಟ್ಟರು' ಎಂಬುದೊಂದು, 'ಅಭಿವೃದ್ಧಿಗೆ ಹಣ ಬಂತು' ಎಂಬುದು ಇನ್ನೊಂದು. ಆ ಹಣದಿಂದ ಕೊನೆಗೆ ಏನಾಯಿತು ಎಂದು ಕೇಳುವವರು ಕಡಿಮೆ. ಸಾಲದಲ್ಲಿ ಕಟ್ಟಿದ ಸೇತುವೆ ಕಣ್ಣಿಗೆ ಕಾಣುತ್ತದೆ. ಆರೋಗ್ಯ, ಪಿಂಚಣಿ ಸುಧಾರಣೆಗೆ ಮಾಡಿದ ಸಾಲವನ್ನು ಅಳೆಯುವುದು ಹೇಗೆ?

ಇದಕ್ಕೆ ನಮ್ಮ ಭಾಗದಲ್ಲೇ ಉದಾಹರಣೆ ಇದೆ. ಕರ್ನಾಟಕದ ಆರೋಗ್ಯ ವ್ಯವಸ್ಥೆಯ ಸುಧಾರಣೆಗೆ ವಿಶ್ವಬ್ಯಾಂಕ್ 2006ರಲ್ಲಿ ಸುಮಾರು 14 ಕೋಟಿ ಡಾಲರ್, 2012ರಲ್ಲಿ ಮತ್ತೆ 7 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದರ ನೆರವು ಪಡೆದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಬೀದರ್ ಸೇರಿದಂತೆ ಅಂದಿನ ಗುಲ್ಬರ್ಗಾ ವಿಭಾಗದಲ್ಲಿ. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ನಗದುರಹಿತ ಚಿಕಿತ್ಸೆ ಸಿಕ್ಕಿತು.

ಫಲವೇನು? ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯಲ್ಲಿನ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಿಪಿಎಲ್ ಕುಟುಂಬಗಳಲ್ಲಿ ಈ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಯೋಜನೆ ಇದ್ದಲ್ಲಿ ಶೇ 0.32, ಇಲ್ಲದಲ್ಲಿ ಶೇ 0.90. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚು ಶೇ 34ರಷ್ಟು ಕಡಿಮೆ. ಸೌಲಭ್ಯಕ್ಕೆ ಅರ್ಹರಲ್ಲದ ಎಪಿಎಲ್ ಕುಟುಂಬಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಜೀವ ಉಳಿದದ್ದು ಯೋಜನೆಯಿಂದಲೇ ಎನ್ನಲು ಆಧಾರವಿದೆ. 'ಸಾಲವೆಲ್ಲ ನೀರುಪಾಲು' ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಆ ಗಡಿ ಇರುವುದು ರಾಜ್ಯದ ನಡುವೆ. ಬೀದರ್ ಇರುವುದು ಉತ್ತರದ ತುದಿಯಲ್ಲಿ. ಯೋಜನೆಯ ಹೆಚ್ಚಿನ ಆಸ್ಪತ್ರೆಗಳು ಬೆಂಗಳೂರಿನಲ್ಲಿದ್ದವು. ಔರಾದ್‌ನ ಕೂಲಿಕಾರನಿಗೆ ಅದು ಸುಮಾರು 700 ಕಿ.ಮೀ. ದೂರ. ಚಿಕಿತ್ಸೆ ಉಚಿತವಾದರೂ ಜೊತೆಗೆ ಹೋದವರ ಊಟ, ವಸತಿ, ಕಳೆದುಕೊಂಡ ದಿನಗೂಲಿ ಉಚಿತವಲ್ಲ. ರಾಜ್ಯದ ಸರಾಸರಿಯಲ್ಲಿ ಈ ದೂರ ಕಾಣುವುದಿಲ್ಲ. ಅಧ್ಯಯನ ತಂಡದಲ್ಲಿ ವಿಶ್ವಬ್ಯಾಂಕಿನ ತಜ್ಞರೂ ಇದ್ದರು. ಅಷ್ಟಕ್ಕೇ ಫಲಿತಾಂಶ ಸುಳ್ಳಾಗದು. ಆದರೆ ಸಾಲ ಕೊಟ್ಟವರ ಜೊತೆ ಸಾಲ ತೀರಿಸುವವರೂ ಲೆಕ್ಕ ಕೇಳಬೇಕು.

ಪಿಂಚಣಿಗೂ ಇದೇ ಅಳತೆಗೋಲು ಬೇಕು. ಎಷ್ಟು ಮಂದಿ ಫಲಾನುಭವಿಗಳು ಎಂಬ ಅಂಕಿ ಸಾಲದು. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಭಾಲ್ಕಿಯ ಅಜ್ಜಿಯ ಖಾತೆಗೆ ಯಾವ ತಾರೀಖಿಗೆ ಬಿತ್ತು? ಆಧಾರ್ ಜೋಡಣೆಯ ತೊಡಕಿನಿಂದ ನಿಂತುಹೋದ ಹಣ ಎಷ್ಟು ದಿನಕ್ಕೆ ಮತ್ತೆ ಶುರುವಾಯಿತು? ಸುಧಾರಣೆಯ ಪರೀಕ್ಷೆ ಇರುವುದು ಇಲ್ಲಿ.

ಈ ಸಾಲಗಳ ಮರುಪಾವತಿ ದಶಕಗಳವರೆಗೆ ನಡೆಯುತ್ತದೆ. 2006ರಲ್ಲಿ 45 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ಈಗ 80 ದಾಟಿದೆ. ರೂಪಾಯಿ ಇಳಿದಷ್ಟೂ ಭಾರ ಏರುತ್ತದೆ. ಅದನ್ನು ಹೊರುವವರು ಇಂದು ಕಾಲೇಜಿನಲ್ಲಿರುವ, ಕೆಲಸ ಹುಡುಕುತ್ತಿರುವ ನಾವೇ. ಆದ್ದರಿಂದ ಸಾಲ ಬೇಕೋ ಬೇಡವೋ ಎಂಬ ವಾದಕ್ಕಿಂತ ತಾಲ್ಲೂಕುವಾರು ಫಲಿತಾಂಶ ಪ್ರಕಟಿಸಿ ಎಂಬ ಬೇಡಿಕೆ ಮುಖ್ಯ. ಗ್ರಾಮಸಭೆ ಇದೆ, ಮಾಹಿತಿ ಹಕ್ಕು ಕಾಯ್ದೆ ಇದೆ. ಕೇಳುವ ಕೆಲಸ ನಮ್ಮದು.