ರಕ್ತದ ಅಂಕಿಯೂ ರೋಗಿಯ ಮನೆಮಾತೂ

ತಮಿಳುನಾಡಿನ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೆ,

ಈ ಪತ್ರದ ತಮಿಳು ಪ್ರತಿಯು ತಮ್ಮ ಕಚೇರಿಗೆ ಬೇರೆಯಾಗಿ ಬರುವುದು. ಕನ್ನಡದಲ್ಲಿಯೂ ಇದನ್ನು ಪ್ರಕಟಿಸುವುದಕ್ಕೆ ಕಾರಣವೇನೆಂದರೆ, ಇಲ್ಲಿ ವಿಜ್ಞಾಪಿಸಿಕೊಳ್ಳಬೇಕಾಗಿರುವ ವಿಷಯವು ಈ ಭಾಷೆಯನ್ನಾಡುವ ಮನೆಗಳಿಗೆ ನೇರವಾಗಿ ಸಂಬಂಧಿಸಿದುದಾಗಿದೆ. ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸೀಮೆಯಲ್ಲಿಯೂ ಕಪ್ಪಿಲಿಯರು, ಅನುಪ್ಪರು ಮೊದಲಾದ ಒಕ್ಕಲು ಕುಲದವರು ಎಷ್ಟೋ ತಲೆಮಾರುಗಳಿಂದ ನೆಲೆಸಿ, ಹೊಲದಲ್ಲಿಯೂ ಸಂತೆಯಲ್ಲಿಯೂ ತಮಿಳನ್ನಾಡುತ್ತ, ಮನೆಯೊಳಗೆ ಮಾತ್ರ ತಮ್ಮದೇ ಆದ ಒಂದು ಕನ್ನಡವನ್ನು ಕಾಪಾಡಿಕೊಂಡು ಬಂದಿರುವುದು ತಮಗೆ ಅವಿದಿತವಲ್ಲ.

ಮಿದುಳಿನ ರಕ್ತನಾಳವು ಹೆಪ್ಪಿನಿಂದ ಮುಚ್ಚಿಹೋಗುವುದರಿಂದ ಉಂಟಾಗುವ ಪಾರ್ಶ್ವವಾಯುವಿನಲ್ಲಿ, ಎಂದರೆ ನಮ್ಮ ಜನ ಲಕ್ವ ಹೊಡೆಯಿತೆನ್ನುವ ವ್ಯಾಧಿಯಲ್ಲಿ, ರೋಗಿಯು ಮುಂದೆ ಎದ್ದು ನಡೆದಾನೇ ಎಂಬುದನ್ನು ಆತನ ರಕ್ತದಿಂದಲೇ ಮುಂದಾಗಿ ತಿಳಿಯುವ ಯತ್ನವು ಲೋಕದ ಅನೇಕ ವಿದ್ಯಾಲಯಗಳಲ್ಲಿ ನಡೆದಿದೆ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ವೈದ್ಯರು ಕೊಪೆಪ್ಟಿನ್ ಎಂಬ ಸೂಚಕದ ವಿಷಯವಾಗಿ 2009ರಲ್ಲಿ ಬರೆದರು; ಗಾಯಗೊಂಡ ನರತಂತುಗಳಿಂದ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನನ್ನು ಅಳೆಯುವವರೂ ಇರುವರು. ಇವೆಲ್ಲವೂ ದುಬಾರಿ; ನ್ಯೂರೋಫಿಲಮೆಂಟಂತೂ ದಿನಗಳು ಕಳೆದ ಮೇಲೆಯೇ ಏರತಕ್ಕದ್ದಾದುದರಿಂದ ಮೊದಲ ರಾತ್ರಿಯ ಪ್ರಶ್ನೆಗೆ ಉತ್ತರ ಕೊಡಲಾರದು. ಇದಕ್ಕೆ ಪ್ರತಿಯಾಗಿ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಿತ್ಯ ನಡೆಯುವ ರಕ್ತಕಣಗಳ ಎಣಿಕೆಯಲ್ಲಿಯೇ ಒಂದು ಸೂಚಕ ಅಡಗಿದೆ. ಮಿದುಳಿಗೆ ಪೆಟ್ಟಾದೊಡನೆ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಹೆಚ್ಚುವುವು, ದೇಹದ ಮೇಲಿನ ಒತ್ತಡದಿಂದ ಲಿಂಫೋಸೈಟುಗಳು ಕುಗ್ಗುವುವು. ಇವೆರಡರ ಅನುಪಾತವು ಏರಿದಷ್ಟೂ ಮೂರು ತಿಂಗಳ ಅನಂತರದ ಸ್ಥಿತಿಯು ಕೆಟ್ಟದಾಗಿರುವ ಸಂಭವವು ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಆದರೆ ಗಡಿಯೂರಾದ ಕುಮಿಳಿಯಾಚೆಯ ಏಲಕ್ಕಿ ತೋಟದಲ್ಲಿ ಕಾಲಿಗೆ ಗಾಯವಾಗಿ ಕೀವು ತುಂಬಿಕೊಂಡ ಕೂಲಿಯವನಿಗೂ ಆ ಅನುಪಾತ ಏರಿಯೇ ಇರುವುದು. ಆದುದರಿಂದ ಅನುಪಾತವು ಇಷ್ಟನ್ನು ಮೀರಿದರೆ ಕೆಟ್ಟದೆಂದು ಪರದೇಶದ ರಕ್ತದಲ್ಲಿ ಕಂಡುಕೊಂಡ ಎಲ್ಲೆಯನ್ನು ಈ ಕಣಿವೆಯ ರಕ್ತಕ್ಕೆ ಪರೀಕ್ಷಿಸದೆ ಅನ್ವಯಿಸುವುದು ವಿವೇಕವಲ್ಲ.

ವಯಸ್ಸು ಮತ್ತು ವ್ಯಾಧಿಯ ಉಗ್ರತೆ, ಇವೆರಡೇ ಇಂದಿಗೂ ಭವಿಷ್ಯವನ್ನು ಹೇಳುವ ಮುಖ್ಯ ಸಾಧನಗಳು. ರಕ್ತದ ಸೂಚಕಗಳು ಅವುಗಳಿಗೆ ಸೇರಿಸುವುದು ಸ್ವಲ್ಪವೇ ಎಂಬುದನ್ನು ಪ್ರಾಮಾಣಿಕರಾದ ಸಂಶೋಧಕರೇ ಒಪ್ಪಿರುವರು. ಉಗ್ರತೆಯನ್ನು ಅಳೆಯುವ ಅಮೆರಿಕದ ಮಾಪಕದಲ್ಲಿ ಒಟ್ಟು 42 ಅಂಕಗಳಿದ್ದು, ಅವುಗಳಲ್ಲಿ 7 ಭಾಷೆಯನ್ನೇ ಅವಲಂಬಿಸಿವೆ: ಇದು ಯಾವ ತಿಂಗಳು, ನಿಮ್ಮ ವಯಸ್ಸೆಷ್ಟು, ಕಣ್ಣು ಮುಚ್ಚಿರಿ, ಈ ಚಿತ್ರಗಳ ಹೆಸರು ಹೇಳಿರಿ ಎಂಬಿತ್ಯಾದಿ. ಚಿತ್ರಗಳಾದರೋ ಕೈಗವಸು, ಬೀಗದ ಕೈ, ಕಳ್ಳಿಗಿಡ, ಕುರ್ಚಿ, ಗರಿ, ಮರಗಳ ನಡುವೆ ಕಟ್ಟುವ ತೂಗುಹಾಸಿಗೆ! ಜೀವಮಾನದಲ್ಲಿ ಕೈಗವಸನ್ನೇ ತೊಡದ ಎಂಬತ್ತರ ಅಜ್ಜಿಯೊಬ್ಬಳು, ನಾಲಗೆ ತೊದಲುತ್ತಿರುವಾಗ, ಎರಡು ಭಾಷೆಗಳಲ್ಲಿ ಒಂದು ಹೆಚ್ಚು ಕೆಟ್ಟು ಮತ್ತೊಂದು ಉಳಿದಿರಬಹುದಾದ ಆ ಹೊತ್ತಿನಲ್ಲಿ, ತಮಿಳಿನಲ್ಲಿ ಕೇಳಿದ್ದಕ್ಕೆ ಸುಮ್ಮನಿದ್ದು ಸೊಸೆಯು ಮನೆಮಾತಿನಲ್ಲಿ ಕೇಳಿದಾಗ ಉತ್ತರಿಸಿದರೆ, ಆಕೆಯ ಅಂಕವೆಷ್ಟು? ರಕ್ತಕ್ಕೆ ಈ ತೊಡಕಿಲ್ಲ, ಅದು ಯಾವ ಭಾಷೆಯನ್ನೂ ಆಡದು. ಅಗ್ಗವಾದ ರಕ್ತಸೂಚಕವು ಭಾಷಾ ಅಲ್ಪಸಂಖ್ಯಾತರ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ಉಪಯುಕ್ತವಾಗಬಹುದೆಂದು ನಾನು ಎಣಿಸುವುದು ಇದರಿಂದಲೇ.

ಆದರೆ ಈ ಸೂಚಕಕ್ಕಾಗಿ ಕಾದು ಚಿಕಿತ್ಸೆಯನ್ನು ತಡಮಾಡಬಾರದು. ಹೆಪ್ಪು ಕರಗಿಸುವ ಔಷಧಕ್ಕೆ ಲಕ್ವ ಹೊಡೆದಲ್ಲಿಂದ ನಾಲ್ಕೂವರೆ ಗಂಟೆಯ ಗಡುವಿದೆ, ಮತ್ತು ಅದಕ್ಕೆ ಮುಂಚೆ ಸಾಮಾನ್ಯವಾಗಿ ಕಾಯಲೇಬೇಕಾದ ರಕ್ತಪರೀಕ್ಷೆಯು ಸಕ್ಕರೆಯದೊಂದೇ. ರಕ್ತಸ್ರಾವವಲ್ಲವೆಂದು ನಿಶ್ಚಯಿಸಲು ಬೇಕಾದದ್ದು ಸಿ.ಟಿ. ಸ್ಕ್ಯಾನ್. ಗೂಡಲೂರಿನಿಂದ ಉತ್ತಮಪಾಳೆಯ, ಚಿನ್ನಮನೂರು, ತೇನಿಗಳನ್ನು ದಾಟಿ ಕಾನವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಆ ಗಡುವಿನ ಗಣನೀಯ ಭಾಗ ಕರಗಬಹುದು. ಹಿಮಾಚಲ ಪ್ರದೇಶದಲ್ಲಿ 2014ರಿಂದ ದೂರದ ನರರೋಗತಜ್ಞರು ಫೋನಿನಲ್ಲಿಯೇ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ಸಲಹೆಯಿತ್ತು ಈ ಔಷಧವನ್ನು ಕೊಡಿಸಿರುವರು. ನಮ್ಮ ಘಟ್ಟವು ಹಿಮಾಲಯಕ್ಕಿಂತ ದುರ್ಗಮವಲ್ಲ.

ನನ್ನ ಭಯ ಇನ್ನೊಂದಿದೆ. ಈತನು ಏಳಲಾರನೆಂದು ಒಂದು ಅಂಕಿಯು ಹೇಳಿದ ಮೇಲೆ, ಏಳಿಸುವ ಯತ್ನವೇ ಸಡಿಲವಾಗಿ, ಮನೆಯವರೂ ಎದೆಗುಂದಿ ಹಾಸಿಗೆಯಲ್ಲಿಯೇ ಬಿಟ್ಟರೆ, ಆ ಭವಿಷ್ಯವು ಸುಳ್ಳಾದರೂ ನಿಜವಾಗಿಬಿಡುವುದು. ಅಂಕಿಯು ಯಾರಿಗೆ ಹೆಚ್ಚಿನ ಶುಶ್ರೂಷೆ ಬೇಕೆಂಬುದನ್ನು ತೋರಿಸಲಿ. ಯಾರನ್ನು ಮನೆಗೆ ಕಳುಹಿಸಬೇಕೆಂಬುದನ್ನಲ್ಲ.

ತಾವು ಮಾಡಬೇಕಾದುದು ದೊಡ್ಡ ವೆಚ್ಚದ ಕಾರ್ಯವೇನೂ ಅಲ್ಲ. 2021ರ ಆಗಸ್ಟಿನಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ಕಾರ್ಯಕರ್ತೆಯರು ರಕ್ತದೊತ್ತಡದ ಮಾತ್ರೆಗಳನ್ನು ಹೊತ್ತು ಮನೆಮನೆಗೆ ಬರುತ್ತಿರುವರು, ಅಂಗಸಾಧನೆ ಮಾಡಿಸುವವರೂ ಆ ಯೋಜನೆಯಲ್ಲಿಯೇ ಇರುವರು. ಲಕ್ವವಾದ ತೊಂಬತ್ತನೆಯ ದಿನ ರೋಗಿಯು ನಡೆಯುತ್ತಿರುವನೇ, ತಾನೇ ಉಣ್ಣುತ್ತಿರುವನೇ ಎಂಬುದನ್ನು ಅವರಿಂದ ಬರೆಯಿಸಿ, ಆಸ್ಪತ್ರೆಯಲ್ಲಿ ಮೊದಲ ದಿನವೇ ದೊರೆತ ರಕ್ತದ ಅಂಕಿಗಳೊಡನೆ ಕೂಡಿಸಿದರೆ, ತೇನಿ ಮತ್ತು ದಿಂಡಿಗಲ್ಲಿನ ವೈದ್ಯಕೀಯ ಕಾಲೇಜುಗಳು ನಮ್ಮ ಜನಕ್ಕೆ ಒಪ್ಪುವ ಎಲ್ಲೆಯನ್ನು ತಾವೇ ಕಂಡುಕೊಳ್ಳಬಲ್ಲವು. ಅದರೊಡನೆ ಕೇಸ್‌ಶೀಟಿನಲ್ಲಿ ಮನೆಮಾತು ಯಾವುದೆಂದು ಕೇಳುವ ಒಂದು ಸಾಲನ್ನು ಸೇರಿಸಿ, ಭಾಷೆಯ ಪರೀಕ್ಷೆಯ ವೇಳೆ ಮನೆಯವರೊಬ್ಬರನ್ನು ಹಾಸಿಗೆಯ ಬಳಿಗೆ ಬಿಡಬೇಕೆಂದು ಆಜ್ಞೆ ಮಾಡಬೇಕೆಂದೂ, ಈ ಕೆಲಸವನ್ನು ಕಾನವಿಲಕ್ಕಿನಿಂದಲೇ ಆರಂಭಿಸಬೇಕೆಂದೂ ತಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಧೇಯ,
ಕಂಬಂ ಕಣಿವೆಯ ಒಬ್ಬ ಕನ್ನಡಿಗ