ರಿಪೇರಿಯೋ, ಹೊಸದೋ? ಅಡುಗೆಮನೆಯ ಲೆಕ್ಕ ಯಾರದು?

ಬೆಳಗಾವಿ ವರ್ಗಾವಣೆಯ ಊರು. ಇಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸರಕಾರಿ ಕಚೇರಿಗಳಿವೆ, ಕಾಲೇಜುಗಳಿವೆ. ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಹೋಗುವಾಗ ಫ್ರಿಜ್, ಗ್ಯಾಸ್ ಒಲೆ, ಮಿಕ್ಸರ್ ಹೊತ್ತುಕೊಂಡು ಹೋಗುವುದೇಕೆ ಎಂದು ಅರ್ಧ ಬೆಲೆಗೆ ಮಾರಿಬಿಡುವವರೂ ಇದ್ದಾರೆ. ಅರ್ಧ ಬೆಲೆ ಎಂದರೆ ನಮ್ಮಂಥ ಗೃಹಿಣಿಯರ ಕಿವಿ ನೆಟ್ಟಗಾಗುತ್ತದೆ, ಅಲ್ಲವೇ?

ನನಗೂ ಹಾಗೇ ಆಯಿತು. ಕ್ಯಾಂಪ್ ಭಾಗದಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ಈ ಮೂರನ್ನೂ ಕೊಂಡು, ಖಾನಾಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ಅತ್ತೆಯವರ ಮನೆಗೆ ಟೆಂಪೋದಲ್ಲಿ ಕಳಿಸಿದೆ. ಉಳಿತಾಯ ಮಾಡಿದೆನೆಂದು ಬೀಗಿದ್ದೂ ಆಯಿತು. ಒಂದು ಮಳೆಗಾಲ ಕಳೆಯುವುದರೊಳಗೆ ಮೂರೂ ತಕರಾರು ತೆಗೆದವು.

ಅತ್ತೆಯವರು ಮಾತ್ರ ದೂರು ಹೇಳಲಿಲ್ಲ. ಒಂದು ದಿನ ಫೋನಿನಲ್ಲಿ ಮಾತಿಗೆ ಮಾತು ಬಂದಾಗ ಅಂದರು, "ಫ್ರಿಜ್ ಮುಟ್ಟಿದ್ರ ಜುಮ್ ಅಂತೈತೆವಾ. ರಬ್ಬರ್ ಚಪ್ಪಲಿ ಹಾಕ್ಕೊಂಡು ತಗೀತೀನಿ, ಏನೂ ಆಗೂದಿಲ್ಲ ಬಿಡು." ಹಿಂದಿನಿಂದ ಮಾವನವರ ದನಿ, "ಮಳಿಗಾಲದಾಗ ಹಂಗ ಆಗೂದ."

ಗೆಳತಿಯರೇ, ಅದೇ ಮನೆಯಲ್ಲಿ ಟಿವಿಗೆ ಚಿತ್ರ ಬಾರದಿದ್ದಾಗ ಅಂದೇ ಸಂಜೆ ಮೆಕ್ಯಾನಿಕ್ ಬಂದಿದ್ದ! ಮಿಕ್ಸರ್ ಕೆಟ್ಟು ಮೂರು ವಾರವಾಗಿತ್ತು. ಅತ್ತೆಯವರು ಶೇಂಗಾ ಚಟ್ನಿಯನ್ನು ಒಳಕಲ್ಲಿನಲ್ಲಿ ಕುಟ್ಟುತ್ತಿದ್ದರು. ಟಿವಿ ಕೆಟ್ಟರೆ ಮನೆಗೆಲ್ಲ ತೊಂದರೆ, ಮಿಕ್ಸರ್ ಕೆಟ್ಟರೆ ಒಬ್ಬಳ ತೋಳಿಗೆ ಮಾತ್ರ ತೊಂದರೆ. ಅಡುಗೆಮನೆಯ ಸಾಮಾನು ರಿಪೇರಿಯಾಗದೆ ಉಳಿಯುವುದು ಹಣ ಇಲ್ಲದ್ದಕ್ಕಲ್ಲ, ನಾವು "ನಡೀತದ ಬಿಡ್ರಿ" ಅನ್ನುವುದಕ್ಕೆ.

ಮರುದಿನವೇ ಬಸ್ಸು ಹತ್ತಿದೆ. ಫ್ರಿಜ್‌ನ ಪ್ಲಗ್ ನೋಡಿದರೆ ಮೂರನೇ ಕಡ್ಡಿಯೇ ಇಲ್ಲ. ಗೋಡೆಯ ಸಾಕೆಟ್‌ಗೆ ಹೊಂದಲಿಲ್ಲವೆಂದು ಯಾರೋ ಎರಡು ಕಡ್ಡಿಯ ಪ್ಲಗ್ ಹಾಕಿದ್ದರು. ಆ ದಪ್ಪ ಕಡ್ಡಿಯೇ ಅರ್ಥಿಂಗ್. ಎಲ್ಲಾದರೂ ಕರೆಂಟ್ ಸೋರಿದರೆ ಅದನ್ನು ನೆಲಕ್ಕಿಳಿಸುವ ದಾರಿ. ಆ ದಾರಿ ಮುಚ್ಚಿದರೆ ಕರೆಂಟ್ ಫ್ರಿಜ್ ಮುಟ್ಟಿದವರ ಮೈಯಲ್ಲೇ ಇಳಿಯಬೇಕು. ಹಿಂದೆ ಕಂಪ್ರೆಸರ್ ಹತ್ತಿರ ಇಲಿ ಕಡಿದ ವಾಯರ್ ತಗಡಿಗೆ ತಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಆಗಲೇ "ಫ್ರಿಜ್ ಹೋತ್ರಿ, ಹೊಸಾದ ತಗೋರಿ" ಅಂದು ಹೋಗಿದ್ದನಂತೆ. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ವಾಯರ್, ಪ್ಲಗ್ ಬದಲಿಸಿ, ಮನೆಗೆ ಸರಿಯಾದ ಅರ್ಥಿಂಗ್ ಮಾಡಿಸಿ, ಸೋರಿಕೆಯಾದರೆ ತಾನಾಗಿ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಹೊಸ ಫ್ರಿಜ್‌ನ ಮುಂದೆ ಅದು ಸಣ್ಣ ಖರ್ಚು. ಹೊಸ ಫ್ರಿಜ್ ತಂದಿದ್ದರೂ ಅರ್ಥಿಂಗ್ ಇಲ್ಲದ ಗೋಡೆ ಹಾಗೇ ಇರುತ್ತಿತ್ತು!

ಮಿಕ್ಸರ್ ಕಥೆ ಇನ್ನೂ ಸಣ್ಣದು. ಮೋಟರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ ಎಂದರೆ ಬಹುತೇಕ ಜಾರ್ ಕೆಳಗಿನ ಕಪ್ಲರ್ ಸವೆದಿರುತ್ತದೆ. ಮೋಟರ್ ಸುಡದಿರಲಿ ಎಂದು ಮೊದಲು ತಾನು ಸವೆಯುವ ಭಾಗ ಅದು. ಸದ್ದೇ ಇಲ್ಲದಿದ್ದರೆ ಪ್ಲಗ್ ತೆಗೆದು, ಸ್ವಲ್ಪ ತಣ್ಣಗಾದ ಮೇಲೆ ತಳದಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿ. ಒಳಗೆ ಕಿಡಿ ಹೆಚ್ಚಾದರೆ ಕಾರ್ಬನ್ ಬ್ರಷ್ ಮುಗಿದಿರಬಹುದು. ಇವೆಲ್ಲ ಅಗ್ಗದ ಬಿಡಿಭಾಗಗಳು. ಹೊಗೆ ಬಂದು ಸುಟ್ಟ ವಾಸನೆ ಬಂದರೆ ಮಾತ್ರ ಮೋಟರ್ ವೈಂಡಿಂಗ್ ಖರ್ಚು ಕೇಳಿ, ಹೊಸದರ ಬೆಲೆಯ ಜೊತೆ ತೂಗಿ.

ಒಲೆಯನ್ನು ಮಾತ್ರ ನಾನು ಉಳಿಸಿಕೊಳ್ಳಲಿಲ್ಲ. ಜ್ವಾಲೆ ಹಳದಿ, ಪಾತ್ರೆಯ ತಳವೆಲ್ಲ ಮಸಿ. ಬರ್ನರ್ ತೂತು ಕಟ್ಟಿಕೊಂಡಿದ್ದರೆ ತೊಳೆದು, ಪಿನ್ನಿನಿಂದ ಬಿಡಿಸಿದರೆ ಸಾಕಿತ್ತು. ಆದರೆ ಬೆಂಕಿ ಜೋರಾಗಲಿ ಎಂದು ಹಿಂದೆ ಯಾರೋ ಜೆಟ್ಟಿನ ತೂತನ್ನೇ ಅಗಲ ಮಾಡಿದ್ದರು, ಗುಂಡಿಯ ಬುಡದಲ್ಲಿ ಗ್ಯಾಸ್ ವಾಸನೆಯೂ ಇತ್ತು. ಅಂಥ ಒಲೆಗೆ ತೇಪೆ ಹಾಕಬಾರದು. ಐಎಸ್‌ಐ ಗುರುತಿನ ಹೊಸ ಒಲೆ ತಂದೆವು.

ಈ ಮೂರರಿಂದ ನಾನು ಕಲಿತದ್ದು ಮೂರು ಪ್ರಶ್ನೆ. ನಿಮ್ಮ ಮನೆಯ ಸಾಮಾನು ಕೆಟ್ಟಾಗಲೂ ಇದೇ ಸಾಲಿನಲ್ಲಿ ಕೇಳಿಕೊಳ್ಳಿ.

ಮೊದಲನೆಯದು, ಜೀವಕ್ಕೆ ಅಪಾಯವಿದೆಯೇ? ಶಾಕ್ ಇದ್ದರೆ, ಗ್ಯಾಸ್ ವಾಸನೆ ಇದ್ದರೆ ಆ ಸಾಮಾನು ಇಂದೇ ಬಂದ್. ಗ್ಯಾಸ್ ವಾಸನೆ ಬಂದಾಗ ಲೈಟಿನ ಸ್ವಿಚ್ ಮುಟ್ಟಬೇಡಿ, ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಮೈಕ್ರೋವೇವ್ ಒಲೆಯನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಎರಡನೆಯದು, ಬಿಡಿಭಾಗ ಸಿಗುತ್ತದೆಯೇ? ಸಾಮಾನಿನ ಬೆನ್ನಿಗಿರುವ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿಗಳು ರಿಪೇರಿ ಮಾಹಿತಿ ಕೊಡಲಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಿದೆ. ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದಲ್ಲ, ಹುಡುಕಿಸಿ.

ಮೂರನೆಯದು, ರಿಪೇರಿಗೆಷ್ಟು, ನಡೆಸುವುದಕ್ಕೆಷ್ಟು? ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ನಾನು ಕೈ ಬಿಡುತ್ತೇನೆ. ಫ್ರಿಜ್‌ನ ಥರ್ಮೋಸ್ಟಾಟ್, ರಿಲೇ, ಬಾಗಿಲಿನ ರಬ್ಬರ್ ಹೋದರೆ ರಿಪೇರಿ ಸರಿ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ; ಸಲೀಸಾಗಿ ಬಂದರೆ ರಬ್ಬರ್ ಸಡಿಲಾಗಿದೆ. ಹಳೇ ಫ್ರಿಜ್‌ನ ಕಂಪ್ರೆಸರ್ರೇ ಹೋದರೆ ಹೊಸದು ಲೇಸು. ಸ್ಟಾರ್ ಗುರುತು ಬಂದದ್ದು 2006ರಲ್ಲಿ, ಆಮೇಲೆ ಅದರ ಅಳತೆಯನ್ನು ಬಿಗಿ ಮಾಡುತ್ತಲೇ ಬಂದಿದ್ದಾರೆ. ಅಂದಿನ ಐದು ಸ್ಟಾರ್ ಇಂದಿನ ಐದಲ್ಲ. ಗೃಹಜ್ಯೋತಿ ಇದೆಯಲ್ಲ ಎನ್ನಬೇಡಿ. 200 ಯೂನಿಟ್ ದಾಟಿದ ತಿಂಗಳು ಪೂರಾ ಬಿಲ್ಲು ನಮ್ಮದೇ.

ಹಾಗಾದರೆ ಹಳೇ ಸಾಮಾನು ಕೊಳ್ಳಲೇಬಾರದೇ? ಧಾರಾಳವಾಗಿ ಕೊಳ್ಳಿ, ಆದರೆ ಕಣ್ಣು ತೆರೆದು. ನಡೆಯುತ್ತಿರುವಾಗಲೇ ನೋಡಿ. ಕೊಂಡ ವರ್ಷ ಕೇಳಿ, ಹಳೇ ಬಿಲ್ಲಿದ್ದರೆ ಇಸಿದುಕೊಳ್ಳಿ. ಗ್ಯಾಸ್ ಪೈಪನ್ನು ಮಾತ್ರ ಹಳೆಯದು ತೆಗೆದುಕೊಳ್ಳಲೇಬೇಡಿ. ಸುರಕ್ಷಾ ಪೈಪನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರ್, ರೆಗ್ಯುಲೇಟರ್ ಕೈಯಿಂದ ಕೈಗೆ ಮಾರುವ ವಸ್ತುಗಳೇ ಅಲ್ಲ. ಫ್ರಿಜ್ಜನ್ನು ಟೆಂಪೋದಲ್ಲಿ ನಿಲ್ಲಿಸಿಯೇ ಸಾಗಿಸಿ, ಊರು ಮುಟ್ಟಿದ ಮೇಲೆ ಕೆಲವು ತಾಸು ಬಿಟ್ಟು ಚಾಲು ಮಾಡಿ. ಕಂಪ್ರೆಸರ್‌ನ ಎಣ್ಣೆ ತಳಕ್ಕಿಳಿಯಲಿ. ಕರೆಂಟ್ ಏರಿಳಿಯುವ ಹಳ್ಳಿಯಾದರೆ ಸ್ಟೆಬಿಲೈಜರ್ ಬೇಕೇ ಬೇಕು. ಅಂಗಡಿಯಲ್ಲಿ ಕೊಂಡರೆ ರಸೀದಿ ಬಿಡಬೇಡಿ. ಮೋಸವಾದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಇನ್ನೊಂದು ಮಾತು. ಮನೆಯ ತಿಂಗಳ ಖರ್ಚಿನಲ್ಲಿ ಹಾಲು, ಕಿರಾಣಿ, ಶಾಲೆ ಫೀ ಎಂದು ಬರೆಯುತ್ತೇವೆ. ಅದರ ಕೆಳಗೆ 'ಅಡುಗೆಮನೆ ರಿಪೇರಿ' ಎಂದು ಒಂದು ಸಾಲು ಸೇರಿಸಿ, ನೂರು ರೂಪಾಯಿಯಾದರೂ ಎತ್ತಿಡಿ. ಸಾಲು ಬರೆದ ಮೇಲೆ ಅದು ನಿಮ್ಮೊಬ್ಬಳ ತಲೆನೋವಾಗಿ ಉಳಿಯುವುದಿಲ್ಲ, ಮನೆಯ ಲೆಕ್ಕವಾಗುತ್ತದೆ.

ನಮ್ಮ ಅತ್ತೆಯವರು ಈಗ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುತ್ತಾರೆ. "ಮೊದಲ ಹೇಳಬೇಕಿತ್ತಲ್ಲ ಅತ್ತಿ" ಎಂದರೆ, "ನೀವ್ಯಾರೂ ಕೇಳಲೇ ಇಲ್ಲಲ್ಲವಾ" ಅಂದರು. ಅವರು ಹೇಳಿದ್ದು ನಿಜ. ಇವತ್ತು ಸಂಜೆ ನಿಮ್ಮ ತಾಯಿಗೋ ಅತ್ತೆಗೋ ಒಂದು ಫೋನ್ ಮಾಡಿ. ಊಟ ಆಯಿತೇ ಎಂದು ಕೇಳುವ ಜೊತೆಗೆ, ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ ಎಂದೂ ಕೇಳಿ. ಏನಂತೀರಿ?