ಬಾಗಿಲಿಗೆ ಕಟ್ಟಿದ ಹಗ್ಗ

ಸಿನೆಮಾ ಎಂದೊಡನೆ ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಾಗುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ತೆರೆಯ ಮೇಲೆ ಬರುವ ಹೆಚ್ಚಿನವುಗಳ ಸ್ಥಿತಿಯೇ ಹಾಗಿದೆ. ಆದರೆ ಓದು ಬಾರದ ತನ್ನ ಜನರೊಂದಿಗೆ ಮಾತನಾಡಲು ಬೇರೆ ದಾರಿ ಕಾಣದೆ ಕ್ಯಾಮರಾ ಹಿಡಿದ ಒಬ್ಬರಿದ್ದರು. ಆಫ್ರಿಕನ್ ಸಿನೆಮಾದ ಪಿತಾಮಹ ಎಂದು ಜಗತ್ತು ಕರೆಯುವ ಸೆನೆಗಲ್‌ನ ಉಸ್ಮಾನ್ ಸೆಂಬೇನ್ ಅವರು.

ಸೆನೆಗಲ್ ಪಶ್ಚಿಮ ಆಫ್ರಿಕಾದ ಮುಸ್ಲಿಮ್ ಬಹುಸಂಖ್ಯಾತ ದೇಶ. 1923ರಲ್ಲಿ ಅದರ ದಕ್ಷಿಣ ಭಾಗದ ಝಿಗಿಂಶೋರ್‌ನಲ್ಲಿ ಮೀನುಗಾರನೊಬ್ಬನ ಮಗನಾಗಿ ಸೆಂಬೇನ್ ಹುಟ್ಟಿದರು. ಫ್ರೆಂಚರ ಆಡಳಿತದ ಕಾಲವದು. ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗ ರಾಜಧಾನಿ ಡಾಕರ್‌ಗೆ ಹೋಗಿ ಗಾರೆ ಕೆಲಸ, ಮೆಕ್ಯಾನಿಕ್ ಕೆಲಸ ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿ ದುಡಿದ. ಬಳಿಕ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಮೂಟೆ ಹೊತ್ತ. ಅಲ್ಲಿ ಕೆಲಸದ ವೇಳೆ ಬೆನ್ನೆಲುಬಿಗೆ ಪೆಟ್ಟಾಗಿ ಮೂಟೆ ಹೊರುವುದು ಅಸಾಧ್ಯವಾದಾಗ ಪುಸ್ತಕಗಳ ಕಡೆಗೆ ಹೊರಳಿದ. ಶಾಲೆ ಬಿಟ್ಟಿದ್ದ ಆ ಕೂಲಿಯಾಳಿನ ಮೊದಲ ಕಾದಂಬರಿ 1956ರಲ್ಲಿ ಪ್ರಕಟವಾಯಿತು. 1960ರಲ್ಲಿ ಬಂದ ಇನ್ನೊಂದು ಕಾದಂಬರಿ 1947-48ರ ರೈಲ್ವೆ ಮುಷ್ಕರದ ಕಥೆ. ಅದರಲ್ಲಿ ಹೋರಾಟಕ್ಕೆ ಬಲ ತುಂಬುವವರು ಥಿಯೆಸ್‌ನಿಂದ ಡಾಕರ್‌ವರೆಗೆ ಕಾಲ್ನಡಿಗೆಯಲ್ಲಿ ಹೊರಡುವ ಹೆಂಗಸರು.

1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಊರಿಗೆ ಮರಳಿದ ಸೆಂಬೇನ್‌ರಿಗೆ ಒಂದು ಸತ್ಯ ಎದುರಾಯಿತು. ಯಾರ ಬದುಕಿನ ಬಗ್ಗೆ ಅವರು ಫ್ರೆಂಚಿನಲ್ಲಿ ಬರೆದಿದ್ದರೋ ಅವರಲ್ಲಿ ಬಹುತೇಕರಿಗೆ ಅದನ್ನು ಓದಲು ಬರುತ್ತಿರಲಿಲ್ಲ! ನಲ್ವತ್ತರ ಹೊಸ್ತಿಲಲ್ಲಿ ಅವರು ಮಾಸ್ಕೋಗೆ ಹೋಗಿ ವಿದ್ಯಾರ್ಥಿಯಾಗಿ ಚಿತ್ರ ನಿರ್ಮಾಣ ಕಲಿತರು. ಸಿನೆಮಾವನ್ನು ಅವರು ಜನರ ರಾತ್ರಿ ಶಾಲೆಯೆಂದು ಬಗೆದಿದ್ದರು.

ಆ ಶಾಲೆಯ ಪಾಠಗಳೆಲ್ಲ ಸಾಮಾನ್ಯರ ಮನೆಯಿಂದಲೇ ಬಂದವು. 1966ರ ಚಿತ್ರದಲ್ಲಿ ದ್ಯುವಾನಾ ಎಂಬ ಡಾಕರ್‌ನ ಹುಡುಗಿ ಮಕ್ಕಳನ್ನು ನೋಡಿಕೊಳ್ಳಲೆಂದು ಫ್ರೆಂಚ್ ಕುಟುಂಬವೊಂದರ ಮನೆಗೆ ಫ್ರಾನ್ಸಿಗೆ ಹೋಗುತ್ತಾಳೆ. ಅಲ್ಲಿ ಅಡುಗೆ, ಬಟ್ಟೆ, ಕಸ ಎಲ್ಲವೂ ಅವಳ ಪಾಲಿಗೆ. ಹೊರಗಿನ ಊರನ್ನೂ ಸರಿಯಾಗಿ ನೋಡಲಾಗದ ಅವಳ ಒಂಟಿತನ ಸಾವಿನಲ್ಲಿ ಕೊನೆಗೊಳ್ಳುತ್ತದೆ. 1968ರ 'ಮಂದಾಬಿ' ಜನರ ಆಡುಮಾತಾದ ವೊಲೊಫ್‌ನಲ್ಲಿ ಬಂತು. ಇಬ್ಬರು ಹೆಂಡಂದಿರ ಬಡ ಸಂಸಾರಸ್ಥ ಇಬ್ರಾಹೀಮ್‌ಗೆ ಪ್ಯಾರಿಸ್‌ನಲ್ಲಿ ದುಡಿಯುವ ಸಂಬಂಧಿಯಿಂದ ಮನಿಯಾರ್ಡರ್ ಬರುತ್ತದೆ. ಹಣ ಪಡೆಯಲು ಗುರುತು ಚೀಟಿ ಬೇಕು. ಗುರುತು ಚೀಟಿಗೆ ಜನನ ಪ್ರಮಾಣಪತ್ರ ಬೇಕು. ಆತನ ಬಳಿ ಎರಡೂ ಇಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಕೊನೆಗೆ ವಿದ್ಯಾವಂತನೊಬ್ಬನಿಂದಲೇ ಮೋಸ ಹೋಗುತ್ತಾನೆ. ಕಾಗದವಿಲ್ಲದ ಬಡವನ ಸಂಕಟ ಅರ್ಥವಾಗಲು ವೊಲೊಫ್ ತಿಳಿದಿರಬೇಕಾಗಿಲ್ಲ.

ಸೆಂಬೇನ್‌ರ ಎಲ್ಲ ಮಾತನ್ನೂ ನಾವು ಒಪ್ಪಬೇಕೆಂದಿಲ್ಲ. ಅವರದು ಎಡಪಂಥೀಯ ವಿಚಾರಧಾರೆ. ಆಫ್ರಿಕಾಕ್ಕೆ ಇಸ್ಲಾಮ್ ಬಂದ ಬಗೆಯನ್ನು 1977ರ 'ಸೆಡ್ಡೊ' ಚಿತ್ರದಲ್ಲಿ ಅವರು ತೋರಿಸಿದ ರೀತಿ ಅನೇಕರಿಗೆ ನೋವುಂಟು ಮಾಡೀತು. ಆದರೆ ಧರ್ಮದ ಹೆಸರಿನಲ್ಲಿ ಒಂದು ಹೆಣ್ಣುಮಗುವಿಗೆ ಅನ್ಯಾಯವಾಗುತ್ತಿದೆ ಎಂದು ಯಾರು ಹೇಳಿದರೂ ಮುಖ ತಿರುಗಿಸುವ ಹಕ್ಕು ನಮಗಿಲ್ಲ.

ಅವರ ಕೊನೆಯ ಚಿತ್ರ 'ಮೂಲಾದೆ' ಅದನ್ನೇ ಹೇಳುತ್ತದೆ. 2004ರಲ್ಲಿ ಈ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಾಗ ಅವರಿಗೆ 81 ವರ್ಷ. ಆಫ್ರಿಕಾದ ಹಲವೆಡೆ ಹೆಣ್ಣುಮಕ್ಕಳ ಜನನಾಂಗವನ್ನು ಕತ್ತರಿಸುವ ಕ್ರೂರ ಪದ್ಧತಿಯಿದೆ. ಚಿತ್ರದ ಹಳ್ಳಿಯಲ್ಲಿ ಅದಕ್ಕೆ 'ಶುದ್ಧೀಕರಣ' ಎಂಬ ಗೌರವದ ಹೆಸರು. ಅದಕ್ಕೆ ಹೆದರಿ ಓಡಿಬಂದ ನಾಲ್ವರು ಪುಟ್ಟ ಹುಡುಗಿಯರು ಕೊಲ್ಲೆ ಎಂಬ ಗೃಹಿಣಿಯ ಮೊರೆ ಹೋಗುತ್ತಾರೆ. ಕೊಲ್ಲೆ ತಾನೂ ಆ ಕತ್ತಿಗೆ ಗುರಿಯಾದವಳು. ಅದರ ಫಲವಾಗಿ ಹೆರಿಗೆಯಲ್ಲಿ ಮಕ್ಕಳನ್ನು ಕಳೆದುಕೊಂಡವಳು. ಉಳಿದ ಒಬ್ಬಳೇ ಮಗಳಿಗೆ ಅದನ್ನು ಮಾಡಿಸಲು ಒಪ್ಪದವಳು. ಅವಳು ತನ್ನ ಅಂಗಳದ ಬಾಗಿಲಿಗೆ ಅಡ್ಡಲಾಗಿ ಒಂದು ಬಣ್ಣದ ಹಗ್ಗ ಕಟ್ಟುತ್ತಾಳೆ. ಅಷ್ಟೆ. ಆಶ್ರಯ ಕೊಟ್ಟಿದ್ದೇನೆ, ಇದನ್ನು ದಾಟಬೇಡಿ ಎಂಬುದು ಅದರ ಅರ್ಥ. ಮೂಲಾದೆ ಎಂದರೆ ಅಭಯ.

ಹೆಂಗಸರಿಗೆ ಇಂಥ ಧೈರ್ಯ ಎಲ್ಲಿಂದ ಬಂತು? ರೇಡಿಯೋದಿಂದ ಎಂದು ಊರ ಗಂಡಸರು ತೀರ್ಮಾನಿಸುತ್ತಾರೆ. ಮನೆಮನೆಯ ರೇಡಿಯೋಗಳನ್ನು ಕಿತ್ತು ತಂದು ಮಸೀದಿಯ ಎದುರು ರಾಶಿ ಹಾಕಿ ಬೆಂಕಿ ಹಚ್ಚುತ್ತಾರೆ. ಹಗ್ಗ ಬಿಚ್ಚುವ ಮಾತು ಹೇಳೆಂದು ಎಲ್ಲರೆದುರು ಗಂಡನಿಂದ ಚಾಟಿಯೇಟು ಬಿದ್ದರೂ ಕೊಲ್ಲೆ ಬಾಯಿ ತೆರೆಯುವುದಿಲ್ಲ. ಮೋಸದಿಂದ ಹೊರಗೊಯ್ಯಲ್ಪಟ್ಟ ಒಬ್ಬ ಹುಡುಗಿ ಕತ್ತಿಗೆ ಬಲಿಯಾಗುತ್ತಾಳೆ. ಆಗ ತಾಯಂದಿರೆಲ್ಲ ಒಂದಾಗಿ ಕತ್ತಿಗಳನ್ನು ಕಸಿದುಕೊಳ್ಳುತ್ತಾರೆ. ಇದು ಧರ್ಮದ ಆಜ್ಞೆ ಎನ್ನುವ ಹಿರಿಯರಿಗೆ ಕೊಲ್ಲೆ ಕೊಡುವ ಉತ್ತರ ಸರಳವಾದುದು: ಇಸ್ಲಾಮ್ ಇದನ್ನು ವಿಧಿಸಿಲ್ಲವೆಂದು ದೊಡ್ಡ ಇಮಾಮರೇ ರೇಡಿಯೋದಲ್ಲಿ ಹೇಳಿದ್ದನ್ನು ನಾವು ಕೇಳಿದ್ದೇವೆ.

ಇದು ಬರೀ ಕಥೆಯ ಮಾತಲ್ಲ. 2006ರ ನವೆಂಬರ್‌ನಲ್ಲಿ ಕೈರೋದ ಅಲ್ ಅಝ್ಹರ್‌ನಲ್ಲಿ ಸೇರಿದ ಉಲಮಾಗಳ ಸಮ್ಮೇಳನವು ಈ ಪದ್ಧತಿಗೆ ಧರ್ಮದ ಆಧಾರವಿಲ್ಲವೆಂದು ಸಾರಿತು. ಸೆನೆಗಲ್ 1999ರಲ್ಲೇ ಇದರ ವಿರುದ್ಧ ಕಾನೂನು ತಂದಿತ್ತು. ಆದರೂ ಈ ಪಿಡುಗು ಇನ್ನೂ ಅಳಿದಿಲ್ಲ. ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು ಸ್ತ್ರೀಯರು ಇದಕ್ಕೆ ಗುರಿಯಾಗಿದ್ದಾರೆಂದು 2024ರಲ್ಲಿ ಯುನಿಸೆಫ್ ತಿಳಿಸಿತು.

2007ರ ಜೂನ್ 9ರಂದು ಸೆಂಬೇನ್ ಡಾಕರ್‌ನಲ್ಲಿ ನಿಧನರಾದರು. ಅವರ ಚಿತ್ರ ನಮ್ಮ ಮುಂದಿಡುವ ಪ್ರಶ್ನೆ ಉಳಿದಿದೆ. ಕೊಲ್ಲೆಯ ಊರಿನ ಹೆಂಗಸರು ಧರ್ಮವನ್ನು ಬಿಟ್ಟವರಲ್ಲ. ಧರ್ಮ ನಿಜವಾಗಿ ಏನು ಹೇಳುತ್ತದೆಂದು ಕೇಳಿ ತಿಳಿದುಕೊಂಡವರು. ಓದು ಎಂಬ ಆದೇಶದೊಂದಿಗೆ ಅವತೀರ್ಣವಾಗಲಾರಂಭಿಸಿದ ಗ್ರಂಥ ನಮ್ಮದು. ಜ್ಞಾನ ಸಂಪಾದನೆಯನ್ನು ಕಡ್ಡಾಯವೆಂದು ಕಲಿಸಿದವರು ನಮ್ಮ ಪ್ರವಾದಿ(ಸ). ಅಂಥವರ ಅನುಯಾಯಿಗಳು ಹೆಂಗಸರ ಕೈಯಿಂದ ರೇಡಿಯೋ ಕಿತ್ತು ಸುಡುವುದೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಸಂಪ್ರದಾಯವೊಂದು ಧರ್ಮದ ಉಡುಪು ತೊಟ್ಟು ಮನೆ ಬಾಗಿಲಿಗೆ ಬಂದಾಗ, ಇದು ಅಲ್ಲಾಹನ ಆಜ್ಞೆಯೋ ಊರ ರೂಢಿಯೋ ಎಂದು ಕೇಳುವುದು ಅವಿಧೇಯತೆಯಲ್ಲ. ಅದು ನಮ್ಮ ಹಕ್ಕು. ಮಗಳ ರಕ್ಷಣೆಯ ಪ್ರಶ್ನೆ ಬಂದಾಗ ತಾಯಿಗೆ ಅದು ಕರ್ತವ್ಯವೂ ಹೌದು.